ರಥಸಪ್ತಮಿತನಕ ಇಳಿಸದ ನಕ್ಷತ್ರ

ನಮ್ಮ ಮನೆಯೊಡತಿ ಅಜ್ಜಿಯ ಬಲಗೈಯ ಮೂರು ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಅಲ್ಲಿ ಚರ್ಮ ಬೆಳ್ಳಗೆ, ನುಣ್ಣಗೆ ಬಿಗಿದುಕೊಂಡು ಹೊಳೆಯುತ್ತಿತ್ತು. ಕುದಿಯುವ ಚಹಾದ ಲೋಟವನ್ನು ಬರಿಗೈಯಲ್ಲಿ ಎತ್ತಿ, ನಾವು ಸೆರಗು ಹುಡುಕುವುದನ್ನು ನೋಡಿ ನಗುತ್ತಿದ್ದರು. ಪ್ರತಿ ಚಳಿಗಾಲ ಸಂಕ್ರಾಂತಿಗೆ ಕುಸುರೆಳ್ಳು ಮಾಡಿ ಮಾಡಿ ಬೆರಳು ಹಾಗಾಗಿವೆ ಎಂದು ಅವರ ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದವರೆಲ್ಲ ನಂಬಿದ್ದರು. ಅಜ್ಜಿಯೂ ಹಾಗೇ ಹೇಳುತ್ತಿದ್ದರು. ಅದು ಒಂದೇ ಬೆಳಿಗ್ಗೆ ಆದದ್ದು ಎಂಬುದು ನನಗೆ ಗೊತ್ತು. ನಾನು ಎದುರಿಗೇ ಕೂತಿದ್ದೆ.

ತೊಂಬತ್ತರ ದಶಕದ ನಡುವೆ ನಾವು ಪುಣೆಯ ಸದಾಶಿವ ಪೇಠದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು. ನಾನು ಧಾರವಾಡದ ಕಡೆಯ ಹಿಂದೂ ಮನೆತನದವಳು, ನನ್ನವರು ಬೆಟಗೇರಿಯ ಕ್ರಿಶ್ಚಿಯನ್ನರು. ಹೆಸರು ಕೇಳುವವರೆಗೆ ಖಾಲಿ ಇದ್ದ ಖೋಲಿಗಳು ಹೆಸರು ಹೇಳಿದ ಕೂಡಲೇ ಯಾರಿಗೋ ಕೊಟ್ಟಾಗಿರುತ್ತಿದ್ದವು. ವಿಜಾಪುರದಿಂದ ಲಗ್ನವಾಗಿ ಬಂದು ಪುಣೆಯಲ್ಲೇ ಮುದುಕಿಯಾದ ಈ ಅಜ್ಜಿ ಮಾತ್ರ, "ಬೆಟಗೇರಿ ಅಂದ್ರಿ? ನನ್ನ ಲಗ್ನದ ಸೀರಿ ಬೆಟಗೇರಿದು. ಇನ್ನೂ ಹರದಿಲ್ಲ," ಎಂದು ಕೀಲಿಕೈ ಕೊಟ್ಟರು. ನನ್ನ ಅಪ್ಪ ನಮ್ಮ ಹೊಸ್ತಿಲು ತುಳಿದವರಲ್ಲ. ಅದು ತಿಳಿದ ದಿನದಿಂದ ಅಜ್ಜಿ ನನ್ನವರನ್ನು ಅಳಿಯಂದ್ರು ಎಂದೇ ಕರೆಯತೊಡಗಿದರು. "ನಿಮ್ಮಪ್ಪ ಕರಿಯೂದಿಲ್ಲಂದ್ರ ನಾ ಕರೀತೀನಿ. ಏನ್ ಗಂಟು ಹೋಗ್ತದ?"

ಮೊದಲನೇ ಡಿಸೆಂಬರಿನಲ್ಲಿ ನನ್ನವರು ಕ್ಯಾಂಪ್ ಪೇಟೆಯಿಂದ ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರ ತಂದು, ಓಣಿಗೆ ಕಾಣುವ ಕಟ್ಟಿಗೆಯ ಗ್ಯಾಲರಿಗೆ ತೂಗುಹಾಕಿದರು. ಮಗಳಿನ್ನೂ ತೊಡೆಯ ಮೇಲಿನ ಕೂಸು. ಮರುದಿನವೇ ಕೆಳಗೆ ಒಂದು ಸ್ಕೂಟರು ಬಂದು ನಿಂತಿತು. ಓಣಿಯ ಗಣಪತಿ ಮಂಡಳದ ಅಧ್ಯಕ್ಷ. ಭಾಳ ಮರ್ಯಾದೆಯ ಮನುಷ್ಯ, ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಸ್ಕೂಟರನ್ನು ಆರಿಸದೆ, ತಲೆ ಎತ್ತಿ, ಅದೇನು ಎಂದು ಅಜ್ಜಿಯನ್ನು ಮರಾಠಿಯಲ್ಲಿ ಕೇಳಿದ. ಅಜ್ಜಿ ಕಣ್ಣು ಮಿಟುಕಿಸದೆ, ಅದು ದೀಪಾವಳಿಯ ಆಕಾಶಕಂದೀಲು, ಮೊಣಕಾಲು ನೋವು, ಇಳಿಸಲಿಕ್ಕೆ ಆಗಿಲ್ಲ ಎಂದರು.

ಪುಣೆಯ ದೀಪಾವಳಿ ಕಂದೀಲುಗಳಲ್ಲಿ ನಕ್ಷತ್ರದ ಆಕಾರದವೂ ಇರುತ್ತವೆ ಎಂಬುದು ನಮಗೆ ಹೊಳೆದೇ ಇರಲಿಲ್ಲ. ಮುಂದಿನ ವರ್ಷ ಅಜ್ಜಿ ಸುಳ್ಳನ್ನೇ ನಿಜ ಮಾಡಿದರು. ನರಕಚತುರ್ದಶಿಯ ಹಿಂದಿನ ದಿನ ತಾವೇ ಒಂದು ನಕ್ಷತ್ರ ತಂದು ಗ್ಯಾಲರಿಗೆ ಕಟ್ಟಿಸಿದರು. ಅದು ದೀಪಾವಳಿ ಮುಗಿದರೂ ಇಳಿಯಲಿಲ್ಲ. ಅದರ ಕೆಳಗೇ ನಾವು ಕ್ರಿಸ್‌ಮಸ್ಸಿನ ಕರ್ಚಿಕಾಯಿ ಹಂಚಿದೆವು, ಎಳ್ಳಮವಾಸ್ಯೆಯ ಸಜ್ಜಿ ರೊಟ್ಟಿ ಮುರಿದೆವು. ಸಂಕ್ರಾಂತಿಗೆ ಮಗಳಿಗೆ ಕರಿ ಪರಕಾರ ಉಡಿಸಿ, ಕುಸುರೆಳ್ಳಿನ ಕಿರೀಟ ಕಟ್ಟಿ, ತಲೆಯ ಮೇಲೆ ಬಾರಿಹಣ್ಣು ಸುರಿದದ್ದೂ ಅದರ ಕೆಳಗೇ. ರಥಸಪ್ತಮಿ ಆದ ಮೇಲೆ ಅಜ್ಜಿ, "ಈಗ ಇಳಸ್ರಿ, ಅಳಿಯಂದ್ರ," ಎನ್ನುತ್ತಿದ್ದರು. ಹಬ್ಬಗಳೆಲ್ಲ ಒಂದೇ ದೀಪಕ್ಕೆ ಸೇರಿದವು ಎಂದು ನನ್ನ ಮಗಳು, ಆಮೇಲೆ ಹುಟ್ಟಿದ ಮಗ, ಇಬ್ಬರೂ ತಿಳಿದಿದ್ದರು.

ಅಧ್ಯಕ್ಷ ಪ್ರತಿ ಡಿಸೆಂಬರಿಗೂ ಬರುತ್ತಿದ್ದ. ಕಿರಾಣಿ ಅಂಗಡಿಯವನು ನನ್ನನ್ನು ಕಂಡರೆ ಮಾತು ಕಡಿಮೆ ಮಾಡುತ್ತ ಬಂದ. ಮಗಳು ನಾಲ್ಕು ದಾಟಿದ ವರ್ಷ, ಹಿಂದಿನ ಓಣಿಯಲ್ಲಿ ನಮ್ಮಂಥದೇ ಒಂದು ಸಂಸಾರದ ಕಿಟಕಿಗೆ ಕಲ್ಲು ಬಿತ್ತು. ಯಾರು ಒಗೆದರೋ ಯಾರಿಗೂ ಕಾಣಲಿಲ್ಲ. ವಾರದೊಳಗೆ ಅವರು ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಹೋದರು, ಅವರ ಮಗುವಿನ ತೊಟ್ಟಿಲು ಎಲ್ಲಕ್ಕಿಂತ ಮೇಲಿತ್ತು. ಅಂದಿನಿಂದ ನಾನು, ನಕ್ಷತ್ರದ ಬಗ್ಗೆ ಯಾರಾದರೂ ಕೇಳಿದರೆ ದೀಪಾವಳಿಯದು ಅನ್ನು ಎಂದು ಮಗಳಿಗೆ ಉರು ಹೊಡೆಸತೊಡಗಿದೆ. ಅಜ್ಜಿ ಕೇಳಿಸಿಕೊಂಡು ಸಿಟ್ಟಾದರು.

"ಏ ತಂಗಿ, ಕೂಸಿಗೆ ಸುಳ್ಳು ಕಲಸಬ್ಯಾಡ. ಸುಳ್ಳು ಹೇಳ್ಲಿಕ್ಕೆ ನಾ ಇದ್ದೀನಲ್ಲ."

ಆ ಬೆಳಿಗ್ಗೆ ಅಂಗಳದಲ್ಲಿ ಅಜ್ಜಿ ಕುಸುರೆಳ್ಳು ಮಾಡುತ್ತಿದ್ದರು. ಕೆಂಡದ ಶೇಗಡಿ, ಅದರ ಮೇಲೆ ಹಿತ್ತಾಳೆಯ ಅಗಲ ಪರಾತ, ಪರಾತದಲ್ಲಿ ಎಳ್ಳು. ಚಮಚದಿಂದ ಸಕ್ಕರೆ ಪಾಕ ಬಿಡುವುದು, ಬೆರಳ ತುದಿಯಿಂದ ಕೈಯಾಡಿಸುವುದು, ಮತ್ತೆ ಪಾಕ ಬಿಡುವುದು. ಕೈ ನಿಲ್ಲುವಂತಿಲ್ಲ. ನಿಂತರೆ ಎಳ್ಳು ಗಂಟುಕಟ್ಟುತ್ತದೆ, ಬೆರಳು ಸುಡುತ್ತದೆ. "ಅವಸರ ಮಾಡಿದ್ರ ಎಳ್ಳಿನ ಮ್ಯಾಲೆ ಸಕ್ಕರಿ ಮುಳ್ಳು ಏಳಂಗಿಲ್ಲ," ಎಂದು ನನಗೆ ಕಲಿಸುತ್ತಿದ್ದರು. ಅಷ್ಟರಲ್ಲಿ ಸ್ಕೂಟರಿನ ಸದ್ದು.

ಈ ಸಲ ಅಧ್ಯಕ್ಷನ ಜೊತೆ ಇಬ್ಬರಿದ್ದರು. ಅವರು ಬಾಗಿಲಲ್ಲೇ ನಿಂತರು. ಅವನು ಒಳಬಂದು ಅಜ್ಜಿಗೆ ನಮಸ್ಕಾರ ಮಾಡಿ, ಕಟ್ಟೆಯ ಮೇಲೆ ಕೂತು, ಸ್ಕೂಟರಿನ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತ ಗ್ಯಾಲರಿ ನೋಡಿದ. ಅಜ್ಜಿ ಬಾಯಿ ತೆರೆಯುವ ಮುಂಚೆ, ಕೇಳುವುದು ನಿಮ್ಮನ್ನಲ್ಲ ಎಂಬಂತೆ ಕೈ ಅಡ್ಡ ಮಾಡಿ ನಕ್ಕ. ಆಮೇಲೆ ಎಳ್ಳು ಮೆಲ್ಲುತ್ತ ಕೂತಿದ್ದ ನನ್ನ ಮಗಳನ್ನು ಹತ್ತಿರ ಕರೆದ. ಆ ನಕ್ಷತ್ರ ಯಾರದು, ಪುಟ್ಟಿ, ಎಂದು ಮರಾಠಿಯಲ್ಲಿ ಅಕ್ಕರೆಯಿಂದಲೇ ಕೇಳಿದ.

ಮಗಳು ತಲೆ ಎತ್ತಿ ನಕ್ಷತ್ರ ನೋಡಿದಳು. ನನ್ನನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಮೇಲೆ ನಮ್ಮ ಖೋಲಿಯಲ್ಲಿ ಮಗ ಮಲಗಿದ್ದ, ಅವನ ತಲೆಯ ಹತ್ತಿರವೇ ಕಿಟಕಿ. ನನಗೆ ಅದೊಂದೇ ನೆನಪಾಗುತ್ತಿತ್ತು.

"ಆಜೀಚಾ ಆಹೆ," ಎಂದಳು ಮಗಳು. ಅಜ್ಜಿಯದು.

ಅದು ಸುಳ್ಳಲ್ಲ. ಅಜ್ಜಿಯೇ ತಂದದ್ದು, ಅಜ್ಜಿಯೇ ಕಟ್ಟಿಸಿದ್ದು. ಅಧ್ಯಕ್ಷ ಮಗಳ ಕೆನ್ನೆ ತಟ್ಟಿ ಎದ್ದ. ದೊಡ್ಡವಳಾಗಲಿ, ಮತ್ತೊಮ್ಮೆ ಕೇಳೋಣ ಎಂದು ಹೇಳಿ ಹೋದ. ಸ್ಕೂಟರಿನ ಸದ್ದು ತಿರುವು ದಾಟಿದ ಮೇಲೆ ಪರಾತದಿಂದ ಸೀದ ವಾಸನೆ ಬಂತು. ನೋಡಿದರೆ ಅಜ್ಜಿಯ ಬೆರಳುಗಳು ಬಿಸಿ ಹಿತ್ತಾಳೆಯ ಮೇಲೆ ನಿಂತೇಬಿಟ್ಟಿದ್ದವು. ಅವನು ಕೂಸನ್ನು ಕರೆದಾಗ ನಿಂತ ಕೈ ಅವರು ಎತ್ತಿರಲೇ ಇಲ್ಲ. ನಾನು ಅಳುತ್ತ ನೀರು ಸುರಿದೆ. "ಯಾರಿಗೂ ಹೇಳಬ್ಯಾಡ," ಎಂದರು ಅಜ್ಜಿ. "ಇಷ್ಟು ವರ್ಷ ಮಾಡಿ ಕೈ ಸುಟ್ಟಕೊಂಡ್ಲು ಅಂತ ನಗತಾರ."

ಮುಂದೆ ಮೂರ್ನಾಲ್ಕು ಚಳಿಗಾಲ ಹೀಗೇ ಕಳೆದವು. ಹೊಸ ಶತಮಾನ ಬಂದು ಒಂದೆರಡು ವರ್ಷವಾದಾಗ ಅಜ್ಜಿ ಹಾಸಿಗೆ ಹಿಡಿದಿದ್ದರು. ಆ ದೀಪಾವಳಿಗೂ ಮಲಗಿದಲ್ಲಿಂದಲೇ ನಕ್ಷತ್ರ ಕಟ್ಟಿಸಿದರು. "ರಥಸಪ್ತಮಿತನಕ ಇಳಸಬ್ಯಾಡ್ರಿ," ಎಂದು ನನ್ನ ಕೈ ಹಿಡಿದು ಹೇಳಿದರು. ಆ ನುಣ್ಣನೆಯ ತುದಿಗಳು ತಣ್ಣಗಿದ್ದವು. ಕಾರ್ತಿಕ ಮುಗಿಯುವುದರೊಳಗೆ ಹೋಗಿಬಿಟ್ಟರು. ಹೆತ್ತವಳೇ ಹೋದಂತೆ ನಾನು ಅತ್ತುಬಿಟ್ಟೆ. ಚಾಕಣದ ಕಾರ್ಖಾನೆಯಲ್ಲಿದ್ದ ಅವರ ಮಗ ಕ್ರಿಯಾಕರ್ಮ ಮುಗಿಸಿ, ಅವ್ವ ಇದ್ದಾಗಿನ ಮಾತು ಬೇರೆ, ಇನ್ನು ನಿಮ್ಮನ್ನು ನೀವೇ ನೋಡಿಕೊಳ್ಳಬೇಕು ಎಂದ.

ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ ನಾನು ಅದೇ ಅಂಗಳದಲ್ಲಿ, ಕೆಂಡದ ಮೇಲೆ ಅದೇ ಪರಾತ ಇಟ್ಟು ಕುಸುರೆಳ್ಳಿಗೆ ಕೈಯಾಡಿಸುತ್ತ ಕೂತಿದ್ದೆ. ಮಕ್ಕಳಿಬ್ಬರೂ ಪಕ್ಕದಲ್ಲಿದ್ದರು. ಸ್ಕೂಟರು ಬಂತು. ಈ ಸಲ ಅಧ್ಯಕ್ಷ ಅದನ್ನು ಆರಿಸಿ ಒಳಬಂದ. ನಕ್ಷತ್ರದ ಕೆಳಗೇ ನಿಂತು, ಅಜ್ಜಿ ಹೋದರಲ್ಲ, ಈಗ ಇದು ಯಾರದು ಎಂದು ಕೇಳಿದ. ಕೇಳಿದ್ದು ನನ್ನನ್ನಲ್ಲ.

ಇನ್ನು ಸುಳ್ಳು ಹೇಳುವ ಸರದಿ ನನ್ನದು, ಅದು ನನಗೆ ಗೊತ್ತಿತ್ತು. ದೀಪಾವಳಿ, ಮೊಣಕಾಲು, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಮಗಳು ಎದ್ದು ತಮ್ಮನ ಕೈ ಹಿಡಿದುಕೊಂಡಳು.

"ಆಮಚಾ ಆಹೆ," ಎಂದಳು. ನಮ್ಮದು.

ಅವನು ಬಹಳ ಹೊತ್ತು ಅವಳನ್ನೇ ನೋಡಿದ. ಆಮೇಲೆ ತಿರುಗಿ ಹೊರಟ. ಹೊರಗೆ ಸ್ಕೂಟರು ಶುರುವಾಯಿತು, ಕಿಟಕಿಯ ಕೆಳಗೆ ತುಸು ನಿಂತು, ಹೋಯಿತು. ಆ ರಥಸಪ್ತಮಿಯವರೆಗೆ ಪ್ರತಿ ಸಂಜೆ ಅದು ಅಲ್ಲಿ ಬಂದು ನಿಂತು ಹೋಗುತ್ತಿತ್ತು. ನಾವು ನಕ್ಷತ್ರ ಇಳಿಸಲಿಲ್ಲ.

ಆದರೆ ಆ ಬೆಳಿಗ್ಗೆ, ಸದ್ದು ದೂರವಾದ ಮೇಲೆ, ಮಗಳು ನನ್ನ ಕಡೆ ತಿರುಗಿದಳು.

"ಅವ್ವಾ," ಎಂದಳು, "ನಿನ್ನ ಕೈ ತಗಿ."