ಎದೆಯೊಳಗಿನ ನೀರು, ಎಲೆಚೀಲದ ಮಾತ್ರೆ

ಬೈರಕೂರಿನಿಂದ ಮುಳಬಾಗಿಲಿಗೆ ಮಾವಿನಹಣ್ಣಿನ ಬುಟ್ಟಿ ಹೊತ್ತು ಒಂದೇ ಉಸಿರಿಗೆ ಓಡಿದವನು ನಾನು. ನೋಡಿದವರೆಲ್ಲ ಈಗ ತೀರಿಕೊಂಡಿದ್ದಾರೆ, ಅದು ಬೇರೆ ಮಾತು. ಅಂಥವನಿಗೆ ಹೋದ ತಿಂಗಳು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಉಸಿರೇ ಸಿಗಲಿಲ್ಲ. ಹೆಂಡತಿ ಕೋಲಾರದ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಬೆನ್ನಿಗೆ ಸೂಜಿ ಚುಚ್ಚಿ ಎಳೆದರೆ ಹಳದಿ ನೀರು! ಒಂದು ಚೊಂಬು ತುಂಬಿತು. ಊರಲ್ಲಿ ಸಾವಿರ ಅಡಿ ಕೊರೆದರೂ ಸಿಗದ ನೀರು ನನ್ನ ಎದೆಯಲ್ಲಿ!

"ತಾತ, ಥೈರಾಯ್ಡ್ ಕಡಿಮೆಯಾಗಿ ಶ್ವಾಸಕೋಶದ ಸುತ್ತ ನೀರು ತುಂಬಿದೆ. ಇನ್ನೂ ತಡ ಮಾಡಿದ್ರೆ ಪ್ರಾಣಕ್ಕೇ ಕುತ್ತು ಬರ್ತಿತ್ತು. ಮೊದಲೇ ಕೊಟ್ಟಿದ್ದ ಥೈರಾಯ್ಡ್ ಮಾತ್ರೆ ದಿನಾ ತಗೋತಿದ್ರಾ?"

ಕುತ್ತಿಗೆಯ ರೋಗ ಎದೆಗೆ ನೀರು ಹಾಯಿಸುತ್ತದೆ ಅಂತ ಯಾರಿಗೆ ಗೊತ್ತಿತ್ತು?

"ಒಂದು ದಿನಾನೂ ಬಿಟ್ಟಿಲ್ಲಮ್ಮ, ಬೆಳಿಗ್ಗೆ ಬರೀ ಹೊಟ್ಟೇಲಿ" ಅಂದೆ. ಒಂದು ಎಲೆ ಹಾಕೋಣ ಅಂತ ಎಲೆಅಡಿಕೆ ಚೀಲ ಬಿಚ್ಚಿದೆ. ಅಡಿಕೆ ಚೂರಿನ ಜೊತೆ ಬಿಳಿ ಮಾತ್ರೆಗಳು ಹಾಸಿಗೆ ತುಂಬ ಉರುಳಿದವು.

"ಅಯ್ಯೋ ದೇವುಡಾ! ನಾನು ದಿನಾ ಕೈಗೆ ಕೊಟ್ಟಿದ್ದೆಲ್ಲ ಇಲ್ಲೇ ಇದೆಯಲ್ರೀ!" ಅಂದಳು ಹೆಂಡತಿ.

ನಾನು ಭುಜ ಹಾರಿಸಿದೆ. "ಏನೂ ತಿನ್ನೋಕೆ ಮುಂಚೆ ನುಂಗಬೇಕು ಅಂದಿದ್ರಲ್ಲ. ನನಗೆ ಎದ್ದ ತಕ್ಷಣ ಬಾಯಲ್ಲಿ ಎಲೆಅಡಿಕೆ ಇರುತ್ತೆ. ಅದಕ್ಕೇ ದಿನಾ ನಾಳೆಗೆ ಅಂತ ಎತ್ತಿಟ್ಟೆ."