ಎಬ್ಬಿಸದೆ ಬಿಟ್ಟ ಬೆಳಗು

ಹರೆಯದಲ್ಲಿ ನಾನು ಕನ್ಯಾಸ್ತ್ರೀಯರ ಮಠದಲ್ಲಿ ಒಂದು ತಿಂಗಳು ಇದ್ದೆ. ಪ್ರಾರ್ಥನೆಗೆ ಒಂದು ದಿನವೂ ತಡಮಾಡಲಿಲ್ಲ. ಆದರೂ ಮದರ್, "ನಿನಗೆ ಶಿಸ್ತು ಇಷ್ಟ, ಅದು ದೈವಕರೆಯಲ್ಲ" ಎಂದು ಮನೆಗೆ ಕಳಿಸಿದರು. ನರ್ಸಾಗಿ ದುಡಿದು ನಿವೃತ್ತಳಾದೆ.

ಮೊನ್ನೆ ತಂಗಿಯ ಮಗಳು ಅದೇ ಮಠ ಸೇರಲು ಹೊರಟು, ಹಿಂದಿನ ದಿನ ಹಗರಿಬೊಮ್ಮನಹಳ್ಳಿಯ ನನ್ನ ಮನೆಗೆ ಬಂದಳು. ಎಂಟಕ್ಕೆ ಏಳುವ ಹುಡುಗಿ!

"ಯಾಕ ಹೊಂಟಿಯವ್ವಾ?"

"ಗೊತ್ತಿಲ್ಲ ದೊಡ್ಡವ್ವಾ, ಹೋಗದಿದ್ರ ಸಮಾಧಾನ ಇಲ್ಲ. ನಾಲ್ಕಕ್ಕ ಎಬ್ಬಿಸು, ರೈಲು ತಪ್ಪಿದ್ರ ನೀನ ಹೊಣಿ!"

ನಾಲ್ಕಕ್ಕೆ ನನಗೆ ಎಚ್ಚರವಾಯಿತು. ಎಬ್ಬಿಸಲಿಲ್ಲ. ಹೊಟ್ಟೆಕಿಚ್ಚಿನಿಂದ ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ಸ್ವಲ್ಪ ಹೊತ್ತಿಗೆ ಅವಳೇ ಎದ್ದು, ಸ್ನಾನ ಮುಗಿಸಿ, ನನ್ನ ಹೊದಿಕೆ ಸರಿಮಾಡಿದಳು.

"ಮಲಕ್ಕೋ ದೊಡ್ಡವ್ವಾ, ದಿನಾ ನೀನ ಮೊದಲು ಏಳ್ತಿ" ಎಂದು ಪಿಸುಗುಟ್ಟಿ ಹೊರಟಳು.

ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೂ ನಾನು ಕಣ್ಣು ತೆರೆಯಲಿಲ್ಲ.