ಗುದೈಬಿಯಾದ ಪೆಟ್ಟಿಗೆ

ಬ್ಲ್ಯಾಕೌಟ್ ಬಟ್ಟೆಯ ಹೊಸ ಥಾನು ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಬಿಸಿಲಲ್ಲಿ ನಿಂತ ಹೊಸ ಕಾರಿನ ಬಾಗಿಲು ತೆಗೆದಾಗ ಬರುವಂಥದ್ದು. ಬೆಳಕು ಒಳಗೆ ನುಗ್ಗದಂತೆ ಪರದೆಯ ಬೆನ್ನಿಗೆ ಹೊಲಿಯುವ ದಪ್ಪ ಬಟ್ಟೆ ಅದು. ಬಹರೈನಿನ ಬಿಸಿಲು ಇರುವವರೆಗೆ ನನ್ನಂಥ ಪರದೆಯಂಗಡಿಯವನಿಗೆ ಕೆಲಸದ ಬರವಿಲ್ಲ. ಮೊನ್ನೆ ಒಂದು ಹೋಟೆಲಿನ ಆರ್ಡರಿಗೆಂದು ಥಾನು ಬಿಚ್ಚಿದೆ. ವಾಸನೆ ಮೂಗಿಗೆ ಬಡಿಯಿತು. ಕತ್ತರಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ. ನಮ್ಮ ಬಿಹಾರಿ ಟೈಲರ್ "ಕ್ಯಾ ಹುವಾ ಸೇಟ್?" ಎಂದ. ಶುಗರ್ ಇಳಿದಿರಬೇಕು ಎಂದೆ. ನನಗೆ ಶುಗರ್ ಇಲ್ಲ.

ಮೂರು ವರ್ಷದ ಹಿಂದೆ ನಮ್ಮ ಊರಿನವರ ಸಂಘದ ಚುನಾವಣೆಗೆ ಮತಗಟ್ಟೆಯ ಮರೆ ಹೊಲಿದುಕೊಟ್ಟದ್ದು ಇದೇ ಬಟ್ಟೆಯಲ್ಲಿ. ಕೆಲಸ ಎಂದರೆ ಕೆಲಸ, ನಾನು ಅರ್ಧಂಬರ್ಧ ಮಾಡುವವನಲ್ಲ. ನಾಲ್ಕು ಬದಿಗೂ ಪರದೆ, ಮೇಲೆ ಮುಚ್ಚಳ, ಸೂಜಿಮೊನೆಯಷ್ಟು ಬೆಳಕೂ ಹೋಗಬಾರದು. ಮೊದಲು ಒಳಗೆ ಹೋದ ಹಿರಿಯರೊಬ್ಬರು ಪೇಪರೇ ಕಾಣುವುದಿಲ್ಲ ಎಂದು ಕೂಗಿ ಹೊರಗೆ ಬಂದರು. ಆಮೇಲೆ ನಾನೇ ಒಂದು ಬಲ್ಬು ಕಟ್ಟಿದೆ.

ನೀವು ಗಲ್ಫಿಗೆ ಬಂದವರಲ್ಲದಿದ್ದರೆ ಒಂದು ಮಾತು ಹೇಳಬೇಕು. ಇಲ್ಲಿ ಬ್ಯಾಚುಲರ್ ಎಂದರೆ ಮದುವೆಯಾಗದವನಲ್ಲ. ಊರಲ್ಲಿ ಹೆಂಡತಿ, ನಾಲ್ಕು ಮಕ್ಕಳು, ಇಬ್ಬರು ಅಳಿಯಂದಿರು ಇದ್ದರೂ, ಅವರನ್ನು ಇಲ್ಲಿಗೆ ಕರೆಸುವಷ್ಟು ಸಂಬಳ ಇಲ್ಲದಿದ್ದರೆ ನೀವು ಬ್ಯಾಚುಲರೇ. ನಮ್ಮ ಸಂಘ ಫ್ಯಾಮಿಲಿಗಳ ಸಂಘ. ವಾರ್ಷಿಕ ಕೂಟದ ದಿನ ಬಿರಿಯಾನಿಯ ಹಂಡೆ ಎತ್ತಲಿಕ್ಕೆ, ಕುರ್ಚಿ ಹಾಕಲಿಕ್ಕೆ, ಬಡಿಸಲಿಕ್ಕೆ ಬ್ಯಾಚುಲರ್‌ಗಳಿಗೆ ಕರೆ ಹೋಗುತ್ತದೆ. ಅವರು ಊಟ ಮಾಡುವುದು ಕಡೆಗೆ, ಅಡುಗೆಯ ಬದಿಯಲ್ಲಿ, ನಿಂತುಕೊಂಡು. ನಾನೂ ಹದಿನೈದು ವರ್ಷ ಹಾಗೆ ನಿಂತು ಉಂಡವನೇ. ಅಂಗಡಿ ನನ್ನದೇ ಆದ ಮೇಲೆ ಹೆಂಡತಿ ಝೊಹರಾಳನ್ನೂ ಮಗಳನ್ನೂ ಕರೆಸಿಕೊಂಡೆ. ಮೊದಲ ಸಲ ಕುರ್ಚಿಯ ಮೇಲೆ ಕೂತು ಬಡಿಸಿಕೊಂಡಾಗ ಅಭ್ಯಾಸಬಲದಿಂದ ಎರಡು ಸಲ ಎದ್ದು ನಿಂತೆ. ಬಡಿಸುತ್ತಿದ್ದವರು ಹಸನಾಕ.

ಹಸನಾಕ ಎಂದರೆ ಹಸನ್ ಕಾಕ, ಗುದೈಬಿಯಾ ಬಡಾವಣೆಯ ಹಳೆಯ ಕಟ್ಟಡದ ಎರಡನೇ ಮಾಳಿಗೆಯ ರೂಮಿನಲ್ಲಿ ಎರಡಂತಸ್ತಿನ ಮಂಚದಲ್ಲಿ ನನ್ನ ಕೆಳಗೆ ಮಲಗುತ್ತಿದ್ದವರು. ನಾನು ಹತ್ತೊಂಬತ್ತಕ್ಕೆ ಬಂದಿಳಿದಾಗ ಅವರು ಪರದೆಯಂಗಡಿಯೊಂದರ ದೊಡ್ಡ ಟೈಲರ್. ಟೇಪಿನ ಗೆರೆಗಳು ನನಗೆ ಇರುವೆಯ ಸಾಲಿನ ಹಾಗೆ ಕಾಣುತ್ತಿದ್ದವು. ಅರ್ಧ ಇಂಚು ಯಾವುದು, ಕಾಲು ಯಾವುದು ಎಂದು ಪ್ರತಿ ರಾತ್ರಿ ಮಂಚದ ಕಾಲನ್ನು ಅಳೆಸಿ ಅಳೆಸಿ ಕಲಿಸಿದರು. ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆಯಲು ಕಲಿಸಿದ್ದೂ ಅವರೇ. ಅವರಿಗೆ ಬೇರೇನು ಇಂಗ್ಲಿಷ್ ಗೊತ್ತಿತ್ತು ಎಂದು ಕೇಳಬೇಡಿ. ಅವರ ಹೆಸರು, ನನ್ನ ಹೆಸರು, ಬಟ್ಟೆಯ ಅಳತೆ. ಅಷ್ಟೇ.

ಆ ಚುನಾವಣೆಯ ವರ್ಷವೇ ಅವರ ವೀಸಾದ ಕೊನೆಯ ವರ್ಷ. ವಯಸ್ಸಾಯಿತು, ಇನ್ನು ನವೀಕರಿಸುವುದಿಲ್ಲ ಎಂದು ಮಾಲೀಕ ಹೇಳಿಯಾಗಿತ್ತು. ಒಂದು ಸಂಜೆ ಚಾ ಕುಡಿಯುತ್ತ ಹಸನಾಕ, ಮಗನನ್ನು ಕರೆಯುವ ಹಾಗೆ ಕರೆದು, ಹೇಳಿದರು, "ಮೋನೇ, ಸಂಘದ ರಿಜಿಸ್ಟರ್‌ನಲ್ಲಿ ನಂದೊಂದು ಹೆಸರು ಬಂದ್ರೆ ಎಷ್ಟು ಒಳ್ಳೇದಿತ್ತು. ಮೂವತ್ತು ವರ್ಷ ಇದ್ದೆ ಅಂತ ಊರಲ್ಲಿ ಹೇಳ್ಲಿಕ್ಕೆ ಒಂದು ಗುರ್ತು ಬೇಡ್ವಾ? ಒಂದೇ ಸಲ ಕೂತ್ಕೊಂಡು ಉಂಡು ಹೋಗ್ತೇನೆ."

ನಾನು ಎದೆ ತಟ್ಟಿಕೊಂಡೆ. ಗುದೈಬಿಯಾದ ಪ್ರತಿನಿಧಿ ಸ್ಥಾನಕ್ಕೆ ನಿಂತೆ. ಬ್ಯಾಚುಲರ್‌ಗಳಿಗೂ ಪೂರ್ತಿ ಸದಸ್ಯತ್ವ ಕೊಡಬೇಕೆಂದು ಠರಾವು ತಂದೆ, ಮೊದಲ ಸಹಿ ನನ್ನದೇ. ಮತಪತ್ರದಲ್ಲಿ ಮೇಲೆ ಅಭ್ಯರ್ಥಿಗಳ ಹೆಸರು, ಕೆಳಗೆ ಎರಡು ಠರಾವು. ವಾರ್ಷಿಕ ಕೂಟ ಪಾರ್ಕಿನ ಬದಲು ಎಸಿ ಹಾಲಿನಲ್ಲಿ ಆಗಬೇಕೇ ಎಂಬುದು ಒಂದು. ನನ್ನದು ಎರಡನೆಯದು. ಗುದೈಬಿಯಾ, ಉಮ್ ಅಲ್ ಹಸ್ಸಮ್, ಜಿಂಜ್ ಎಂದು ಮೂರು ಪೆಟ್ಟಿಗೆ, ಏಕೆಂದರೆ ಒಂದೊಂದು ಕಡೆಗೆ ಒಬ್ಬೊಬ್ಬ ಪ್ರತಿನಿಧಿ. ಜಿಂಜ್‌ನವರು ದೊಡ್ಡ ದೊಡ್ಡ ಆಫೀಸಿನವರು, ಅವರೇ ನಮ್ಮನ್ನು ಸೋಲಿಸುತ್ತಾರೆ ಎಂದು ನಾನು ಕಂಡಕಂಡಲ್ಲಿ ಭಾಷಣ ಬಿಗಿದೆ.

ಇಲ್ಲಿ ನಾನೊಂದು ವಿಷಯ ಮುಚ್ಚಿಟ್ಟಿದ್ದೇನೆ. ಅಭ್ಯರ್ಥಿಯ ಅರ್ಜಿಯಲ್ಲಿ ವಿದ್ಯಾಭ್ಯಾಸ ಎಂಬ ಒಂದು ಸಾಲಿತ್ತು. ನಾನು ಅಲ್ಲಿ ಐಟಿಐ ಎಂದು ಬರೆದಿದ್ದೆ. ಶಾಲೆ ಬಿಟ್ಟದ್ದು ಏಳನೆಯ ಕ್ಲಾಸಿಗೆ. ಝೊಹರಾಳ ಮನೆಯವರಿಗೂ ಮದುವೆಯ ಕಾಲದಿಂದ ಐಟಿಐ ಎಂದೇ ಹೇಳಿತ್ತು. ಮಗಳು ತನ್ನ ಶಾಲೆಯ ಫಾರಮ್ಮಿನಲ್ಲೂ ಅದನ್ನೇ ತುಂಬಿದ್ದಳು.

ಹಸನಾಕ ನನ್ನ ಜೊತೆ ಮನೆಮನೆಗೆ ಪ್ರಚಾರಕ್ಕೆ ಬಂದರು. ಒಂದು ಫ್ಲ್ಯಾಟಿನಲ್ಲಿ ನರ್ಸ್ ಒಬ್ಬರು, ಎಲ್ಲರೂ ಬಾಯಿ ಎಂದು ಕರೆಯುವವರು, ಶರಬತ್ತು ಕೊಟ್ಟು ಕೂರಿಸಿದರು. ಹಸನಾಕನಿಗೆ ಉತ್ಸಾಹ ಬಂತು.

"ಬಾಯೀ, ಇವ ಎಂಥಾ ಜನ ಗೊತ್ತುಂಟಾ ನಿಮಗೆ? ಬಂದಾಗ ಟೇಪು ಹಿಡೀಲಿಕ್ಕೆ ಗೊತ್ತಿರ್ಲಿಲ್ಲ. ಏಳನೇ…"

"ಏಳನೇ ತಾರೀಕು ಬಂದದ್ದು ನಾನು," ಎಂದು ನಡುವೆ ಬಾಯಿ ಹಾಕಿದೆ. "ಹಸನಾಕ, ಹೊತ್ತಾಯ್ತು, ಹೋಗುವಾ."

ಮೆಟ್ಟಿಲಿಳಿಯುವಾಗ ಅವರು ನನ್ನ ಹೆಗಲು ತಟ್ಟಿ ನಕ್ಕರು. "ನಾಚಿಕೆ ಎಂತಕ್ಕೆ ಮಾರಾಯ? ನಾನು ಮೆಂಬರ್ ಆದ್ರೆ ಮೈಕಿನಲ್ಲೇ ಹೇಳುವವ. ಏಳನೇ ಕ್ಲಾಸಿನ ಹುಡುಗ ಸ್ವಂತ ಅಂಗಡಿ ಇಟ್ಟ ಅಂತ. ನಿನ್ನ ಮಗಳಿಗೆ ಗೊತ್ತಾಗ್ಬೇಕು."

ಪ್ರೀತಿಯಿಂದ ಹೇಳಿದ್ದು. ಆಮೇಲಿನ ಮನೆಗಳಲ್ಲಿ ಮಾತೆಲ್ಲ ನಾನೇ ಆಡಿದೆ.

ಶುಕ್ರವಾರ ಜುಮಾ ನಮಾಜು ಮುಗಿಸಿ ಹಾಲಿಗೆ ಹೋದೆ, ರಿಜಿಸ್ಟರಿನಲ್ಲಿ ಸಹಿ ಹಾಕಿದೆ, ನಾನೇ ಹೊಲಿದ ಪರದೆಯೊಳಗೆ ಹೊಕ್ಕೆ. ನನ್ನ ಹೆಸರಿಗೆ ಗುರುತು ಹಾಕಿದೆ. ಎಸಿ ಹಾಲಿಗೆ ಹೌದು. ಎರಡನೆಯ ಠರಾವಿಗೆ ಬಂದಾಗ ಮೈಕು ಹಿಡಿದ ಹಸನಾಕ ಕಣ್ಣ ಮುಂದೆ ನಿಂತರು. ಹೇಗೂ ಗೆಲ್ಲುತ್ತದೆ, ಗುದೈಬಿಯಾದವರೆಲ್ಲ ಹೌದು ಎಂದಿದ್ದಾರೆ, ನನ್ನದೊಂದು ಹೋದರೆ ಏನು ಎಂದುಕೊಂಡೆ. 'ಇಲ್ಲ' ಎಂಬಲ್ಲಿ ಗುರುತು ಹಾಕಿ ಮಡಚಿದೆ. ಗಟ್ಟಿಯಾಗಿ ಉಗುರಿನಿಂದ ಎಳೆದು ಮಡಚಿದ್ದೂ ನೆನಪಿದೆ.

ಬ್ಯಾಚುಲರ್‌ಗಳಿಗೆ ಓಟಿಲ್ಲ, ಆದ್ದರಿಂದ ಪಕ್ಷಪಾತವೂ ಇಲ್ಲ ಎಂದು ಎಣಿಕೆಗೆ ಅವರನ್ನೇ ಕೂರಿಸುವುದು ನಮ್ಮ ಸಂಘದ ಪದ್ಧತಿ. ಗುದೈಬಿಯಾದ ಪೆಟ್ಟಿಗೆ ಹಸನಾಕನ ಮುಂದೆ ಬಂತು. ಒಳ್ಳೆಯ ಶರ್ಟು ಹಾಕಿಕೊಂಡು ಬಂದಿದ್ದರು. ಬಟ್ಟೆಯ ನೆರಿಗೆ ಬಿಡಿಸುವ ಹಾಗೆ ಒಂದೊಂದೇ ಪೇಪರ್ ಬಿಡಿಸಿ ಅಂಗೈಯಿಂದ ಸವರಿ ಇಟ್ಟರು. ಮೂವತ್ತೊಂದು ಸಹಿ, ಮೂವತ್ತೊಂದು ಪೇಪರ್. ನನಗೆ ಇಪ್ಪತ್ತೇಳು, ಎದುರಾಳಿಗೆ ನಾಲ್ಕು. ಎಸಿ ಹಾಲಿಗೆ ಮೂವತ್ತೊಂದೂ ಹೌದು. ಬ್ಯಾಚುಲರ್ ಸದಸ್ಯತ್ವಕ್ಕೆ ಮೂವತ್ತೊಂದೂ ಇಲ್ಲ.

ಉಮ್ ಅಲ್ ಹಸ್ಸಮ್‌ನ ಪೆಟ್ಟಿಗೆಯಲ್ಲಿ ಹದಿನಾಲ್ಕು ಹೌದು ಇತ್ತು. ಜಿಂಜ್‌ನದರಲ್ಲಿ ಒಂಬತ್ತು. ಠರಾವು ಬಿದ್ದುಹೋಯಿತು. ಬೈಯಲು ಜಿಂಜ್‌ನವರೂ ಸಿಗಲಿಲ್ಲ.

ಹಸನಾಕ ಎರಡನೆಯ ಸಲ ಎಣಿಸಿದರು. ಆಮೇಲೆ ಖಾಲಿ ಪೆಟ್ಟಿಗೆಯೊಳಗೆ ಕೈ ಹಾಕಿ ಮೂಲೆಮೂಲೆ ತಡವಿದರು. ಮಗುಚಿ ತಳಕ್ಕೆ ಬಡಿದರು. ಅವರು ಹುಡುಕುತ್ತಿದ್ದದ್ದು ಒಂದೇ ಒಂದು ಪೇಪರನ್ನು, ನನ್ನದನ್ನು. ಮೂವತ್ತು ಜನರದ್ದು ಹೋದರೆ ಹೋಗಲಿ ಎಂದು ಅವರ ಮುಖದಲ್ಲೇ ಬರೆದಿತ್ತು. ಕಡೆಗೆ ತಲೆ ಎತ್ತಿ ನನ್ನನ್ನು ನೋಡಿದರು.

"ಮೋನೇ, ನೀನು ಓಟು ಹಾಕ್ಲಿಕ್ಕೆ ಮರ್ತಿಯಾ?"

ನನ್ನ ಸಹಿ ಇದ್ದ ರಿಜಿಸ್ಟರ್ ಅವರ ಮೊಣಕೈಯ ಕೆಳಗೇ ತೆರೆದಿತ್ತು. ಅವರೇ ಕಲಿಸಿದ ಅಕ್ಷರಗಳು.

"ಹೌದು ಹಸನಾಕ," ಎಂದೆ. "ಫಿಟ್ಟಿಂಗ್ ಕೆಲಸ ಇತ್ತು. ಗಡಿಬಿಡೀಲಿ ಆಗ್ಲಿಲ್ಲ."

"ಹಾಗೆ ಹೇಳು," ಎಂದು ಅವರು ರಿಜಿಸ್ಟರನ್ನು ಮುಚ್ಚಿದರು. "ನಾನು ಎಂತದೋ ಅಂದ್ಕೊಂಡೆ. ಗೆದ್ದೆಯಲ್ಲ, ಚಾ ಕುಡೀಸು."

ಮನೆಗೆ ಬಂದಾಗ ಝೊಹರಾ ಸಾರು ಕುದಿಸುತ್ತಿದ್ದಳು. ಮೂವತ್ತೊಂದೂ ಇಲ್ಲ ಎಂಬ ಸುದ್ದಿ ಆಗಲೇ ಮುಟ್ಟಿತ್ತು. "ನಾನು ಇಲ್ಲ ಅಂತಲೇ ಹಾಕಿದ್ದು," ಎಂದಳು. "ಹಾಲಿನಲ್ಲಿ ಅಷ್ಟೆಲ್ಲ ಗಂಡಸರು ತುಂಬಿದ್ರೆ ಹೆಣ್ಣುಮಕ್ಕಳಿಗೆ ಸಂಕೋಚ ಅಲ್ವಾ? ಹೇಗೂ ನಿಮ್ಮದೊಂದು ಹೌದು ಇರ್ತದಲ್ಲ ಅಂತ…" ಅಲ್ಲಿಗೆ ಮಾತು ನಿಲ್ಲಿಸಿದಳು. ಸೌಟು ಕೈಯಲ್ಲೇ ಇತ್ತು. ಸಾರು ಉಕ್ಕಿ ಒಲೆಯ ಮೇಲೆ ಹರಿಯಿತು. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ.

ನಾಲ್ಕು ತಿಂಗಳಿಗೆ ಹಸನಾಕ ಊರಿಗೆ ಹೋದರು. ಎಸಿ ಹಾಲಿನ ಕೂಟ ಅದಕ್ಕೆ ಮೊದಲೇ ಆಯಿತು, ಅವರು ಬಡಿಸಿದರು. ನನ್ನ ತಟ್ಟೆಗೆ ಒಂದು ತುಂಡು ಹೆಚ್ಚೇ ಬಿತ್ತು. ಸಮಿತಿಯವನಾಗಿ ನಾನು ಎಂತ ಕಡಿದು ಹಾಕಿದೆ ಎಂದರೆ, ಎರಡು ವರ್ಷ ಹೊಸ ಬ್ಯಾನರುಗಳನ್ನು ಪುಕ್ಕಟೆ ಹೊಲಿದುಕೊಟ್ಟೆ.

ಮೊನ್ನೆ ಸ್ಟೂಲಿನ ಮೇಲೆ ಕೂತಿದ್ದೆನಲ್ಲ, ಆಗ ಸಂಘದ ಈಗಿನ ಕಾರ್ಯದರ್ಶಿ ಅಂಗಡಿಗೆ ಬಂದ. ಬ್ಯಾಂಕಿನಲ್ಲಿ ಕೆಲಸ, ಮೂವತ್ತೈದರ ಪ್ರಾಯ, ಒಳ್ಳೆಯ ಜನ. ಅದೇ ಠರಾವನ್ನು ಈ ಸಲ ಮತ್ತೆ ತರುತ್ತಿದ್ದಾನಂತೆ.

"ಮೊದ್ಲ ಸೈನ್ ನಿಮ್ದೇ ಆಗ್ಬೇಕು ಭಾಯಿ. ಊರಿಗೆ ಫೋನ್ ಮಾಡಿದ್ದೆ, ಹಸನಾಕನೂ ಅದನ್ನೇ ಹೇಳಿದ್ರು. ನಮ್ಮವನಷ್ಟು ಯಾರೂ ಓಡಾಡ್ಲಿಲ್ಲ ಅಂತ."

ನಾನು ಬಿಚ್ಚಿದ ಥಾನನ್ನು ಸುತ್ತಿಟ್ಟೆ. "ಈ ಸಲ ಪೆಟ್ಟಿಗೆ ಇಡ್ಬೇಡಿ," ಎಂದೆ. "ಎಲ್ಲರನ್ನೂ ಕೂರಿಸಿ ಕೈ ಎತ್ತಿಸಿ. ನಾಚಿಕೆಗಾದ್ರೂ ಎತ್ತುತ್ತಾರೆ."

"ಅದು ಆಗ್ಲಿಕ್ಕಿಲ್ಲ. ರೂಲ್ಸಿನಲ್ಲಿ ಸೀಕ್ರೆಟ್ ಅಂತ ಉಂಟು."

ಆಗ ಹೇಳಿದೆ. ಮೂರು ವರ್ಷದಲ್ಲಿ ಮೊದಲ ಸಲ. "ನೋಡು, ಆ ಮೂವತ್ತೊಂದರಲ್ಲಿ ಒಂದು ನಂದು."

ಅವನು ಜೋರಾಗಿ ನಕ್ಕ. "ಭಾಯಿ, ತಮಾಷೆ ಬಿಡಿ! ನೀವು ಓಟೇ ಹಾಕ್ಲಿಲ್ಲ ಅಂತ ಹಸನಾಕ ಎಲ್ಲರ ಹತ್ರ ಹೇಳಿ ಹೋಗಿದ್ದಾರೆ. ಅವ್ರೇ ಎಣಿಸಿದವ್ರಲ್ವಾ, ಅವ್ರಿಗೆ ಗೊತ್ತಿಲ್ವಾ?"

ಹಾಳೆಯನ್ನು ನನ್ನ ಮುಂದೆ ಸರಿಸಿ ಪೆನ್ನಿನ ಮುಚ್ಚಳವನ್ನೂ ಅವನೇ ತೆಗೆದುಕೊಟ್ಟ. ನಾನು ಸಹಿ ಹಾಕಿದೆ. ಇನ್ನೊಮ್ಮೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಎದ್ದು, ಪಾರ್ಕಿಂಗ್ ಸರಿ ಇಲ್ಲ ಎಂದು ಹೊರಟುಬಿಟ್ಟ. ಅವನು ನಂಬಲಿಲ್ಲ. ಝೊಹರಾ ಕೇಳಲಿಲ್ಲ. ಹಸನಾಕನಿಗೆ ಹೇಳಬೇಕಾದದ್ದೇ ಇಲ್ಲ, ರಿಜಿಸ್ಟರ್ ಮುಚ್ಚಿದವರು ಅವರೇ. ಇದನ್ನು ಇಷ್ಟು ದೂರ ಓದಿದ್ದೀರಿ, ನೀವಾದರೂ ನಂಬಿ.